ಬೆವರದವರ ಬೇಸಿಗೆ

ಕಳೆದ ತಿಂಗಳು ಕೊಪ್ಪದ ಒಂದು ಕಲ್ಯಾಣ ಮಂಟಪದಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ ಹಿಂದಿನಿಂದ ಕಟ್ಟಿಗೆ ಹೊಗೆಯ ವಾಸನೆ ಬಂತು. ಈಗ ಎಲ್ಲ ಕಡೆ ಗ್ಯಾಸಿನ ಒಲೆ. ಆ ಮನೆಯ ಯಜಮಾನರಿಗೆ ಮಾತ್ರ ಹೋಳಿಗೆ ಕಟ್ಟಿಗೆ ಒಲೆಯದೇ ಆಗಬೇಕೆಂಬ ಹಟವಂತೆ. ಹೊಗೆಯ ಬೆನ್ನಿಗೇ ಹೂರಣಕ್ಕೆ ಕುದಿಯುವ ಬೆಲ್ಲದ ಪರಿಮಳ. ಊಟ ಹೇಗೋ ಮುಗಿಸಿ, ಕೈ ತೊಳೆದವಳೇ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಮುಖ್ಯ ಅಡುಗೆಯವರಿಗೆ ನಲವತ್ತರ ಆಸುಪಾಸು. ಬೆನ್ನ ಮೇಲೆ ಬೆವರು ಗೆರೆ ಗೆರೆಯಾಗಿ ಇಳಿಯುತ್ತಿತ್ತು. ಹೆಗಲ ಬೈರಾಸಿನಲ್ಲಿ ಮುಖ ಒರೆಸಿಕೊಂಡು, "ಎಂತ ಅಮ್ಮ, ಏನಾದ್ರೂ ಬೇಕಿತ್ತಾ?" ಎಂದರು.

"ಎಂತದೂ ಬೇಡ. ನಿಮಗೆ ಚೆನ್ನಾಗಿ ಬೆವರು ಬರ್ತದಲ್ಲ, ನೋಡಿ ಖುಷಿಯಾಯ್ತು" ಎಂದೆ.

ಈ ಹೆಂಗಸಿಗೆ ಎಲ್ಲೋ ಒಂದು ಸುತ್ತು ಕಡಿಮೆ ಎಂದುಕೊಂಡಿರಬೇಕು. ಅಂದುಕೊಳ್ಳಲಿ. ಇವರು ಹೋಗಿ ಹತ್ತು ವರ್ಷ ದಾಟಿದೆ, ಆದರೂ ಬೆವರುವ ಅಡುಗೆಯವರನ್ನು ಕಂಡರೆ ನನಗೆ ಸಮಾಧಾನವಾಗುತ್ತದೆ.

ಇವರು ಎಂದರೆ ನನ್ನ ಗಂಡ ಗಣಪತಿ ಭಟ್ಟರು. ಶೃಂಗೇರಿಯಲ್ಲಿ ಯಾತ್ರಿಕರು ಇಳಿದುಕೊಳ್ಳುವ ಲಾಡ್ಜುಗಳ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮದುವೆ, ಉಪನಯನಗಳ ಅಡುಗೆಗೆ ಸುತ್ತಿನ ತಾಲ್ಲೂಕುಗಳಲ್ಲೆಲ್ಲ ಇವರದೇ ಹೆಸರು. ಆ ಹೆಸರಿಗೆ ಕಾರಣ ಹೋಳಿಗೆಯಲ್ಲ, ಹುಳಿಯೂ ಅಲ್ಲ. ಇವರಿಗೆ ಬೆವರು ಬರುತ್ತಿರಲಿಲ್ಲ. ಎಷ್ಟು ದೊಡ್ಡ ಒಲೆಯ ಮುಂದೆ ನಿಂತರೂ ಹಣೆಯ ಮೇಲೆ ಒಂದು ಹನಿ ಇಲ್ಲ. ಕೊಪ್ಪರಿಗೆಯ ಮೇಲೆ ಬಗ್ಗಿ ಸಟ್ಟುಗ ತಿರುವುವವನ ಬೆವರು ಅನ್ನಕ್ಕೆ ಬೀಳಬಾರದು ಎಂಬುದು ಮಡಿಯವರಿಗೆ ದೊಡ್ಡ ವಿಷಯ. ಹಾಗಾಗಿ ಇವರು ಅಗ್ನಿ ಒಲಿದವರು, ಇವರದು ಬೆವರದ ಕೈ. ಅದು ಬಂದದ್ದು ಇವರ ಸೋದರಮಾವ ವೆಂಕಪ್ಪನವರಿಂದ. ವೆಂಕಪ್ಪ ಮಾವನ ಸ್ವಂತ ಮಗನಿಗೆ ಯಥೇಷ್ಟ ಬೆವರು ಬರುತ್ತಿತ್ತು, ಪಾಪ, ಅದೊಂದೇ ತಪ್ಪಿಗೆ ಅವನು ಅಡುಗೆ ಬಿಟ್ಟು ಕಿರಾಣಿ ಅಂಗಡಿ ಇಟ್ಟ. ಸಟ್ಟುಗ ಬಂದದ್ದು ಅಳಿಯನ ಕೈಗೆ.

ನಮ್ಮ ಮದುವೆಯ ಮಾತು ನಡೆಯುವಾಗಲೂ ಮಧ್ಯಸ್ಥರು ನನ್ನ ಅಪ್ಪನಿಗೆ ಮೊದಲು ಹೇಳಿದ್ದು ಇದನ್ನೇ. ಸಾಗರ ಪೇಟೆಯ ಆಚೆಯಿಂದ ಬಂದ ನನಗೆ ಇದೆಲ್ಲ ತಮಾಷೆಯಾಗಿ ಕಂಡಿತ್ತು. ಹೇಗೂ ಅಂಗಿ ಒಗೆಯುವ ಕೆಲಸ ಕಡಿಮೆ ಎಂದು ತಂಗಿಯರ ಹತ್ತಿರ ನಕ್ಕಿದ್ದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನಾನು ಆ ಬೆಟ್ಟವನ್ನೇ ಮದುವೆಯಾಗಿದ್ದೆ.

ಕೆಲಸದ ನಡುವೆ ಇವರು ಆಗಾಗ ಬಾವಿಕಟ್ಟೆಗೆ ಹೋಗಿ, ಉಟ್ಟ ಪಂಚೆಯ ಮೇಲೇ ಕೊಡಗಟ್ಟಲೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯಲ್ಲೇ ಒಲೆಯ ಮುಂದೆ ಬಂದು ನಿಲ್ಲುತ್ತಿದ್ದರು. ಎಂಥ ಕಟ್ಟುನಿಟ್ಟಿನ ಮಡಿ ಎಂದು ಜನ ಕೈ ಮುಗಿಯುತ್ತಿದ್ದರು. ನೀರು ಸುರಿದುಕೊಳ್ಳದಿದ್ದರೆ ಇವರಿಗೆ ಮೈ ಕಾದ ಕಾವಲಿಯಾಗಿ ತಲೆ ತಿರುಗುತ್ತದೆ ಎಂಬುದು ನನಗೆ ಮಾತ್ರ ಗೊತ್ತಿತ್ತು. ಸೊಂಟದ ಸುತ್ತ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದವು. ಊರವರ ಲೆಕ್ಕದಲ್ಲಿ ಅವು ಬೆಂಕಿಯ ಕಿಡಿ ಮುಟ್ಟಿ ಹರಸಿದ ಗುರುತು. ಆದರೆ ಕಿಡಿ ಹಾರಿ ಪಂಚೆಯ ಒಳಗೆ ಹೋಗುತ್ತದೆಯೇ? ಹೆಂಡತಿಯಾದವಳು ಇಂಥ ಪ್ರಶ್ನೆಯನ್ನು ಯಾರ ಹತ್ತಿರ ಕೇಳಬೇಕು?

ಮನೆಗೆ ಬಂದವರೇ ಇವರು ಬಚ್ಚಲಿಗೆ ಹೋಗಿ ಬಕೆಟ್ಟಿನ ತಣ್ಣೀರಿನಲ್ಲಿ ಕಾಲಿಟ್ಟು ಕೂರುತ್ತಿದ್ದರು. ಹಲ್ಲು ಕಚ್ಚಿಕೊಂಡು, ಮಾತಿಲ್ಲದೆ. ಅಂಗೈ, ಅಂಗಾಲು ಉರಿ. ಚಿಕ್ಕಂದಿನಿಂದಲೂ ಇದೆಯಂತೆ. ಮದುವೆಯಾದ ಹೊಸತರಲ್ಲಿ ಒಂದು ಸಲ ಬಾಯಿಬಿಟ್ಟಿದ್ದರು. "ಯಾರ ಹತ್ರವೂ ಹೇಳ್ಬೇಡ ಮಾರಾಯ್ತಿ. ಬೆಂಕಿ ಒಲಿದವ್ನಿಗೆ ಉರಿ ಅಂದ್ರೆ ಊರು ನಗ್ತದೆ." ನಾನು ಹೇಳಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದಿರಬಹುದು. ಮಗಳು ವಾಣಿ ಆಗ ಐದನೇ ಕ್ಲಾಸು. ಆ ಮಾಘದಿಂದಲೇ ಮುಹೂರ್ತಗಳು ಒತ್ತಿಕೊಂಡು ಬಂದವು. ನರಸಿಂಹರಾಜಪುರದಲ್ಲಿ ಒಂದು ಉಪನಯನ. ಕೇಸರಿಬಾತಿಗೆ ರವೆ ಹುರಿಯುತ್ತಿದ್ದವರು ಸಟ್ಟುಗ ಬಿಟ್ಟು, ಎದೆ ಹಿಡಿದುಕೊಂಡು ಬಾವಿಕಟ್ಟೆಯ ಮೇಲೆ ಕೂತರಂತೆ. ಜೊತೆಯವರು ವಾಯು ಎಂದು ಓಮದ ಕಷಾಯ ಕುಡಿಸಿದರು. ಇವರ ಅಮ್ಮನಿಗೂ, ಅಂದರೆ ತೀರಿಹೋದ ನನ್ನ ಅತ್ತೆಗೂ, ಜೀವನವಿಡೀ ಎದೆಯಲ್ಲಿ ವಾಯುವೇ ಇತ್ತು. ಈ ಸಲ ಮಾತ್ರ ಓಮಕ್ಕೆ ಬಗ್ಗಲಿಲ್ಲ. ಕೊಪ್ಪದ ಡಾಕ್ಟರು ಇಸಿಜಿ ತೆಗೆದು, ಆ ಕಾಗದದ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಹೃದಯ ದಪ್ಪ ಆದ ಹಾಗಿದೆ. ಘಟ್ಟ ಇಳಿದು ದೊಡ್ಡಾಸ್ಪತ್ರೆಗೆ ಹೋಗಿ, ತಡ ಮಾಡ್ಬೇಡಿ" ಎಂದರು.

ಆಗುಂಬೆ ಘಾಟಿ ಇಳಿದು ಹೋದೆವು. ಆಂಜಿಯೋಗ್ರಾಂ ಮಾಡಿದರು. ರಕ್ತನಾಳಗಳೆಲ್ಲ ಚೊಕ್ಕ, ಎಲ್ಲೂ ಬ್ಲಾಕ್ ಇಲ್ಲ ಎಂದರು ದೊಡ್ಡ ಡಾಕ್ಟರು. ಇವರ ಸಂತೋಷ ಕೇಳಬೇಕೇ! "ನಾನು ಹೇಳ್ಲಿಲ್ವಾ? ನನ್ನ ಎದೇಲಿ ಎಂತದೂ ಇಲ್ಲ" ಎಂದು ವಾರ್ಡಿನ ಅಕ್ಕಪಕ್ಕದವರಿಗೆಲ್ಲ ಹೇಳಿದರು. ನಾನು ಚೀಲಕ್ಕೆ ಬಟ್ಟೆ ತುಂಬುತ್ತಿದ್ದೆ. ಆಗ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಫೈಲು ಹಿಡಿದು ಬಂದರು. ಮಂಚದ ತುದಿಯಲ್ಲಿ ನಿಂತು, ಬೇರೇನನ್ನೂ ಕೇಳದೆ, "ಭಟ್ರೇ, ನಿಮಗೆ ಬೆವರು ಬರ್ತದಾ?" ಎಂದರು.

ಇವರು ನೆಟ್ಟಗೆ ಕೂತರು. ಪರವಾಗಿಲ್ಲ, ಘಟ್ಟದ ಕೆಳಗೂ ತನ್ನ ಹೆಸರು ಮುಟ್ಟಿದೆ ಎಂಬ ಮುಖ. "ಒಂದು ಹನಿ ಬರೋದಿಲ್ಲ ಡಾಕ್ಟ್ರೇ. ನಮ್ಮ ಸೋದರಮಾವಂಗೂ ಬರ್ತಿರ್ಲಿಲ್ಲ" ಎಂದು ಶುರು ಮಾಡಿ, ಅಗ್ನಿ ಒಲಿದದ್ದು, ಮಗನಿಗೆ ಸಿಗದ ಸಟ್ಟುಗ ತನಗೆ ಸಿಕ್ಕಿದ್ದು, ಎಲ್ಲವನ್ನೂ ಹೇಳಿದರು. ಡಾಕ್ಟರು ನಗದೆ ಬರೆದುಕೊಳ್ಳುತ್ತಿದ್ದರು.

"ನಿಮ್ಮ ಮಾವ ಎಷ್ಟು ವರ್ಷಕ್ಕೆ ತೀರಿಕೊಂಡ್ರು?"

"ನಲವತ್ತರ ಸುಮಾರಿಗೆ. ಒಲೆ ಎದುರಿಗೇ ಹೋದ್ರು, ಕೈಲಿ ಸಟ್ಟುಗ ಇತ್ತು. ಪುಣ್ಯವಂತರು."

"ನಿಮಗೆ ಕೈಕಾಲು ಉರೀತದಾ?"

ಇವರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಹೇಳಿದ್ದೇನೋ ಎಂಬ ಅನುಮಾನ. ಅಷ್ಟು ವರ್ಷ ನಾನು ಮುಚ್ಚಿಟ್ಟಿದ್ದನ್ನು ಗುರುತಿಲ್ಲದ ಒಬ್ಬಳು ಹುಡುಗಿ ಒಂದೇ ಮಾತಿನಲ್ಲಿ ಹೊರಗೆ ಎಳೆದಿದ್ದಳು. "ಉರೀತದೆ" ಎಂದು ನಾನೇ ಉತ್ತರ ಕೊಟ್ಟೆ. ಹೇಳಿದ ಮೇಲೆ ನನಗೆ ಅಳು ಬಂತು, ಯಾಕೆಂದು ತಿಳಿಯಲಿಲ್ಲ.

ಕಣ್ಣಿನ ವಿಭಾಗಕ್ಕೆ ಕಳಿಸಿದರು. ಕರಿಗುಡ್ಡೆಯ ಮೇಲೆ ಸುಳಿಸುಳಿಯಾದ ಗೆರೆಗಳಿವೆಯಂತೆ, ದೃಷ್ಟಿಗೆ ಏನೂ ತೊಂದರೆ ಇಲ್ಲವಂತೆ. ರಕ್ತ ತೆಗೆದು ಯಾವುದೋ ದೂರದ ಊರಿಗೆ ಪರೀಕ್ಷೆಗೆ ಕಳಿಸಿದರು. ಯುಗಾದಿಯ ಹಿಂದುಮುಂದೆ ಮತ್ತೆ ಘಟ್ಟ ಇಳಿದಾಗ ಅದಕ್ಕೊಂದು ಹೆಸರು ಸಿಕ್ಕಿತ್ತು. ಫ್ಯಾಬ್ರಿ. ಪೇಟೆಯ ಬಟ್ಟೆ ಅಂಗಡಿಯ ಹೆಸರಿನ ಹಾಗೆ ಕೇಳಿತು.

ಆ ಡಾಕ್ಟರು ಸಾವಕಾಶವಾಗಿ ಬಿಡಿಸಿ ಹೇಳಿದರು. ಮೈಯಲ್ಲಿ ಒಂದು ಬಗೆಯ ಕೊಬ್ಬಿನ ಅಂಶ ದಿನವೂ ಹುಟ್ಟುತ್ತದೆ. ಅದನ್ನು ಒಡೆದು ಚೊಕ್ಕ ಮಾಡುವ ವಸ್ತು ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಇರುವುದಿಲ್ಲ. ಆಗ ಅದು ಸಣ್ಣ ಸಣ್ಣ ರಕ್ತನಾಳಗಳ ಗೋಡೆಯಲ್ಲಿ, ಮೂತ್ರಪಿಂಡದಲ್ಲಿ, ಹೃದಯದಲ್ಲಿ ತುಂಬಿಕೊಳ್ಳುತ್ತಾ ಹೋಗುತ್ತದೆ. "ಆಂಜಿಯೋಗ್ರಾಂನಲ್ಲಿ ದೊಡ್ಡ ಪೈಪು ಮಾತ್ರ ಕಾಣೋದು. ತೋಟಕ್ಕೆ ಮೋಟರು ಹಾಕ್ತೀರಲ್ಲ, ದೊಡ್ಡ ಪೈಪು ಸರಿ ಇದ್ದು ಗಿಡದ ಬುಡದ ಸಣ್ಣ ಪೈಪು ಕಟ್ಟಿದ್ರೆ ಎಂತ ಆಗ್ತದೆ? ಹಾಗೆ. ನಿಮ್ಮ ನೋವು ಸುಳ್ಳಲ್ಲ ಭಟ್ರೇ. ನಮ್ಮ ಕಣ್ಣಿಗೆ ಕಾಣದ ಜಾಗದಲ್ಲಿದೆ." ಉರಿಯೂ ಅದರದೇ, ಬೆವರು ಬಾರದ್ದೂ ಅದರದೇ, ಕೆಂಪು ಚುಕ್ಕೆಯೂ ಅದರದೇ. ಹೊರದೇಶಗಳಲ್ಲಿ ಡ್ರಿಪ್ಪಿನಲ್ಲಿ ಕೊಡುವ ಔಷಧಿ ಬಂದಿದೆ, ಜೀವವಿರುವ ತನಕ ಕೊಡುತ್ತಿರಬೇಕು, ಆದರೆ ಅದು ನಮ್ಮಂಥವರ ಕೈಗೆ ಎಟುಕುವುದಲ್ಲ ಎಂದು ಮುಖ ಕೆಳಗೆ ಹಾಕಿ ಹೇಳಿದರು. ಉರಿಗೆ, ಹೃದಯಕ್ಕೆ ಮಾತ್ರೆ ಬರೆದುಕೊಟ್ಟರು. "ಮುಖ್ಯವಾಗಿ ಬೆಂಕಿ ಹತ್ರ ನಿಲ್ಲಲೇಬಾರದು. ಮಕ್ಕಳೆಷ್ಟು?"

"ಒಬ್ಳೇ ಮಗಳು" ಎಂದರು ಇವರು. ದನಿಯಲ್ಲಿ ಒಂದು ನೆಮ್ಮದಿ ಇತ್ತು. ಬೆವರದ ಕೈ ಗಂಡಸರ ಸೊತ್ತು ಎಂದೇ ಅಲ್ಲವೇ ಎಲ್ಲರೂ ತಿಳಿದದ್ದು?

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಪ್ಪನಿಂದ ಗಂಡುಮಕ್ಕಳಿಗೆ ಇದು ಬರೋದಿಲ್ಲ. ಹೆಣ್ಣುಮಕ್ಕಳಿಗೆ ಬಂದೇ ಬರ್ತದೆ. ನಿಮಗೂ ಇದು ಮಾವನಿಂದ ಅಲ್ಲ, ನಿಮ್ಮ ಅಮ್ಮನಿಂದ ಬಂದದ್ದು. ಆದ್ರೆ ಹೆಣ್ಣುಮಕ್ಕಳಲ್ಲಿ ಕೆಲವ್ರಿಗೆ ಜೋರಿರ್ತದೆ, ಕೆಲವ್ರಿಗೆ ಹೆಚ್ಚೇನೂ ಆಗೋದೇ ಇಲ್ಲ. ಈಗ್ಲೇ ಹೇಳ್ಲಿಕ್ಕಾಗೋದಿಲ್ಲ."

ಹೆಚ್ಚೇನೂ ಆಗುವುದೇ ಇಲ್ಲ ಎಂಬ ಮಾತನ್ನು ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದೆ.

ಬಸ್ಸು ಘಾಟಿಯ ತಿರುವುಗಳನ್ನು ಹತ್ತುವಾಗ ಇವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. "ಒಲೆ ಬಿಟ್ಟುಬಿಡಿ" ಎಂದೆ.

"ಬಿಟ್ರೆ ಊರು ಯಾಕೆ ಅಂತ ಕೇಳ್ತದೆ. ಎಂತ ಹೇಳ್ಲಿ?"

"ಆರೋಗ್ಯ ಸರಿ ಇಲ್ಲ ಅಂತ."

"ಎಂತ ಕಾಯಿಲೆ ಅಂತ ಕೇಳ್ತಾರೆ. ಬೆವರದ ಕೈಯೇ ಕಾಯಿಲೆ ಅಂತ ಗೊತ್ತಾದ್ರೆ, ರಕ್ತದಲ್ಲಿ ಬಂದದ್ದು ಅಂತ ಗೊತ್ತಾದ್ರೆ, ನಾಳೆ ವಾಣೀನ ಯಾರು ಕೇಳಿಕೊಂಡು ಬರ್ತಾರೆ? ನಾನು ಒಲೆ ಮುಂದೆ ನಿಂತಷ್ಟು ದಿನ ಅದು ದೇವರ ವರ. ವರ ಆಗಿಯೇ ಇರ್ಲಿ."

"ನೀವೇ ಇಲ್ಲದೆ ಹೋದ್ರೆ?"

"ಮಾವ ಹೋದ ಹಾಗೆ ಹೋಗ್ತೇನೆ. ಪುಣ್ಯವಂತ ಅಂತಾರೆ." ಅಷ್ಟು ಹೇಳಿ ಕಣ್ಣು ಮುಚ್ಚಿದರು. ನನಗೆ ಕೆಟ್ಟ ಸಿಟ್ಟು ಬಂತು. ಬಸ್ಸಿನಲ್ಲಿ ಜನ ಇದ್ದರು, ಮಾತ್ರೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡೆ.

ಆ ಬೇಸಿಗೆಯ ಒಂಟಿತನವನ್ನು ಹೇಗೆ ಹೇಳುವುದೋ ತಿಳಿಯದು. ಇವರು ಮುಹೂರ್ತವಿದ್ದಲ್ಲೆಲ್ಲ ಹೋಗುತ್ತಿದ್ದರು, ಮೊದಲಿಗಿಂತ ಹೆಚ್ಚು ನೀರು ಸುರಿದುಕೊಂಡು, ಮಾತ್ರೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪಂಚೆಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡು. ಮಧ್ಯಾಹ್ನದ ಹೊತ್ತಿಗೆ ಯಾತ್ರಿಕರ ಬಸ್ಸುಗಳು ಹೊರಟು ಹೋಗಿ ಓಣಿ ಖಾಲಿಯಾಗುತ್ತಿತ್ತು. ಈಗ ಎಲ್ಲೋ ಒಂದು ಕಡೆ ಪಲ್ಯಕ್ಕೆ ಒಗ್ಗರಣೆ ಬಿದ್ದಿರಬೇಕು, ಈಗ ಅನ್ನ ಬಸಿಯುತ್ತಿರಬೇಕು ಎಂದು ಲೆಕ್ಕ ಹಾಕುತ್ತಾ ಜಗಲಿಯಲ್ಲಿ ಕೂರುತ್ತಿದ್ದೆ. ಪಕ್ಕದ ಮನೆಯ ಟೆಲಿಫೋನು ಬಡಿದುಕೊಂಡರೆ ಜೀವ ಬಾಯಿಗೆ ಬರುತ್ತಿತ್ತು. ಹೆಂಗಸರು ಸಿಕ್ಕಿದಲ್ಲಿ "ನಿಮ್ಮವರ ಕೈ ಅಂದ್ರೆ ಕೈ ಮಾರಾಯ್ತಿ" ಎನ್ನುತ್ತಿದ್ದರು. ಹೂಂ ಎನ್ನುತ್ತಿದ್ದೆ. ತವರಿಗೆ ಫೋನು ಮಾಡಿ ಮಳೆ ಬಂತಾ, ಮಾವಿನಕಾಯಿ ಆಯಿತಾ ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ವಾಣಿ ಶಾಲೆಯಿಂದ ಬಂದಾಗ ಅವಳ ಕೈಕಾಲುಗಳನ್ನು ನೋಡುತ್ತಿದ್ದೆ. ಉರಿಯುತ್ತದೆಯೇ ಎಂದು ಕೇಳುತ್ತಿರಲಿಲ್ಲ. ಕೇಳಿದರೆ ಬಂದುಬಿಟ್ಟೀತು ಎಂಬ ಹೆದರಿಕೆ. ಅವಳು ಏನೂ ಹೇಳುತ್ತಲೂ ಇರಲಿಲ್ಲ. ಹೇಳದ್ದರಿಂದ ಏನೂ ಇಲ್ಲ ಎಂದು ನಂಬಿದ್ದೆ.

ವೈಶಾಖದಲ್ಲಿ ಕಮ್ಮರಡಿಯಲ್ಲಿ ಒಂದು ಮದುವೆ. ಶಾಲೆಗೆ ರಜೆ ಬಂದಿತ್ತು, ವಾಣಿಯನ್ನು ಕರೆದುಕೊಂಡು ನಾನೂ ಹೋದೆ. ನಿಜ ಹೇಳಬೇಕೆಂದರೆ ಇವರ ಮೇಲೆ ಕಣ್ಣಿಡಲು ಹೋದದ್ದು. ಗದ್ದೆಯಲ್ಲಿ ಚಪ್ಪರ, ಹಿಂದೆ ತಗಡಿನ ಮಾಡಿನ ಅಡುಗೆಮನೆ, ಮಣ್ಣು ತೋಡಿ ಮಾಡಿದ ಉದ್ದದ ಒಲೆ. ಧಾರೆ ಮುಗಿದು ಮೊದಲ ಪಂಕ್ತಿ ಎದ್ದಿತ್ತು. ಎರಡನೆಯದಕ್ಕೆ ಎಲೆ ಹಾಕುತ್ತಿದ್ದರು. ಆಗ ಪಾರ್ವತಕ್ಕ ಬಂದಳು. ವೆಂಕಪ್ಪ ಮಾವನ ಮಗಳು, ಇವರಿಗಿಂತ ದೊಡ್ಡವಳು, ಶೆಟ್ಟಿಕೊಪ್ಪಕ್ಕೆ ಕೊಟ್ಟಿದ್ದರು. ಜೊತೆಯಲ್ಲಿ ಪಿಯುಸಿ ಮುಗಿಸಿದ, ಮೀಸೆ ಚಿಗುರಿದ ಮಗ ರಾಘವ. ಅವಳ ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ, ಹೊಸ ಪಂಚೆ. ಹೊಸಬನನ್ನು ಕೆಲಸಕ್ಕೆ ಸೇರಿಸುವಾಗ ಉರಿಯುವ ಒಲೆಯ ಮುಂದೆಯೇ ತಟ್ಟೆ ಕೊಡಬೇಕು, ತೆಗೆದುಕೊಂಡವರು ಅವನ ಕೈಗೆ ಸಟ್ಟುಗ ಕೊಡಬೇಕು. ಇವರ ಅಡುಗೆಯವರಲ್ಲಿ ಅದು ರೂಢಿ.

"ಗಣಪ, ಇವ್ನಿಗೂ ಬೆವರೇ ಬರೋದಿಲ್ಲ ನೋಡು" ಎಂದಳು ಹಿಗ್ಗಿನಿಂದ. "ಅಪ್ಪನ ಕೈ ಮೊಮ್ಮಗನಿಗೆ ಬಂತು. ಇನ್ನು ನಿನ್ನ ಮಡಿಲಿಗೆ ಹಾಕಿದೆ."

ಇವರು ತಟ್ಟೆಗೆ ಕೈ ಚಾಚಲಿಲ್ಲ. "ಅವ್ನನ್ನ ಓದ್ಸು ಅಕ್ಕ."

"ಓದಿದ್ದು ಸಾಕು. ಇಂಥ ಕೈ ಇಟ್ಕೊಂಡು ಯಾರಾದ್ರೂ ಓದ್ತಾರಾ?"

"ನನ್ನ ಹತ್ರ ಈಗ ಜನ ಭರ್ತಿ ಇದಾರೆ. ಮುಂದೆ ನೋಡೋಣ."

ಮದುವೆ ಮನೆಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ತಗೊಳ್ಳಿ ಭಟ್ರೇ, ಮಾವನ ಋಣ ಅಲ್ವಾ?" ಎಂದರು. ಬಡಿಸುವವರೆಲ್ಲ ನಿಂತು ನೋಡತೊಡಗಿದರು. ಪಾರ್ವತಕ್ಕನ ಮುಖ ಕೆಂಪಾಯಿತು. "ನಮ್ಮಪ್ಪ ಹೊಟ್ಟೇಲಿ ಹುಟ್ಟಿದ ಮಗನಿಗೆ ಕೊಡದ ಸಟ್ಟುಗ ನಿಂಗೆ ಕೊಟ್ಟ. ಅವ್ನ ಮೊಮ್ಮಗನಿಗೆ ಕೊಡ್ಲಿಕ್ಕೆ ನಿಂಗೆ ಕೈ ಬರೋದಿಲ್ವಾ? ನಿಂಗೆ ಗಂಡುಮಗ ಇಲ್ಲ ಅಂತ ಹೊಟ್ಟೆಕಿಚ್ಚಾ?"

ಇವರು ಮೆಟ್ಟಿಲ ಮೇಲೆ ಕೂತಿದ್ದ ವಾಣಿಯನ್ನು ನೋಡಿದರು. ಆಮೇಲೆ ರಾಘವನನ್ನು. ಅವನು ಒಲೆಯಿಂದ ನಾಲ್ಕು ಮಾರು ದೂರದಲ್ಲಿದ್ದ, ಆಗಲೇ ಮುಖ ಕೆಂಡವಾಗಿ, ಗೋಡೆಗೆ ಕೈಯಾನಿಸಿ ನಿಂತಿದ್ದ. ಹೇಳಿದರೆ ಮಗಳ ಬಾಳು, ಹೇಳದಿದ್ದರೆ ಆ ಹುಡುಗನ ಜೀವ. ಇವರು ಸಟ್ಟುಗವನ್ನು ಕೊಪ್ಪರಿಗೆಗೆ ಅಡ್ಡಲಾಗಿ ಇಟ್ಟರು.

"ಪಾರ್ವತಕ್ಕ, ಅದು ಕೈಯಲ್ಲ, ಕಾಯಿಲೆ. ಮಾವ ಪುಣ್ಯದಿಂದ ಹೋದದ್ದಲ್ಲ, ಅದರಿಂದ್ಲೇ ಹೋದದ್ದು. ನಂಗೆ ಎದೆಯಲ್ಲಿ ಬಂದು ಕೂತಿದೆ. ನನ್ನ ಮಗಳಿಗೂ ಕೊಟ್ಟಿದೇನೆ. ಮಾಣಿಯನ್ನ ಒಲೆ ಹತ್ರ ನಿಲ್ಲಿಸ್ಬೇಡ, ನಿನ್ನ ಕಾಲಿಗೆ ಬೀಳ್ತೇನೆ."

ಹಿರಿಯರು "ಶುಭ ಕಾರ್ಯದಲ್ಲಿ ಎಂತ ಮಾತು ಇದು" ಎಂದು ಗೊಣಗುತ್ತಾ ಚಪ್ಪರದ ಕಡೆ ಹೋದರು. ಆ ಮದುವೆಯೇ ಇವರು ಒಲೆಯ ಮುಂದೆ ನಿಂತ ಕೊನೆಯ ಮದುವೆ. ಆಮೇಲೆ ಒಂದಷ್ಟು ವರ್ಷ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬಾಯಲ್ಲಿ ಹೇಳಿಯೇ ಅಡುಗೆ ಮಾಡಿಸಿದರು. ಕರೆಯುವವರು ಕಡಿಮೆಯಾದರು. ಹೃದಯ ನಿಂತಾಗ, ಅಗ್ನಿಯನ್ನು ಕಾಯಿಲೆ ಅಂದದ್ದಕ್ಕೇ ಹೋದರು ಎಂದವರೂ ಇದ್ದಾರೆ. ವಾಣಿಯ ವಿಷಯ ಇಡೀ ಸೀಮೆಗೆ ಗೊತ್ತು, ಈ ತನಕ ಒಂದು ಜಾತಕವೂ ಬಂದಿಲ್ಲ. ಅದು ನನ್ನ ಹಣೆಬರಹ ಎಂದು ನಾನು ಹೇಳಿದರೆ, ತನಗೇನೂ ತೊಂದರೆಯಾಗಿಲ್ಲ ಎಂದು ಅವಳು ನಗುತ್ತಾಳೆ.

ಆ ದಿನ ಎಲ್ಲರೂ ಚದುರಿದ ಮೇಲೆ ಪಾರ್ವತಕ್ಕ ತಟ್ಟೆಯನ್ನು ನೆಲಕ್ಕಿಟ್ಟು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಸಿದು ಕೂತಳು. ಜಗಳಕ್ಕೆ ಬಂದವಳ ದನಿ ಎಲ್ಲೋ ಹೋಗಿತ್ತು.

"ಆ ಕಾಯಿಲೆಯವ್ರಿಗೆ ಎಂತೆಲ್ಲ ಆಗ್ತದೆ?"

"ಅಂಗಾಲು ಉರೀತದೆ" ಎಂದು ಇವರೂ ಪಕ್ಕದಲ್ಲಿ ಕೂತರು.

"ಜ್ವರ ಬಂದಾಗ ಜಾಸ್ತಿಯಾ?"

"ಜಾಸ್ತಿ. ಮೆಣಸು ಅರೆದು ಹಚ್ಚಿದ ಹಾಗೆ."

"ನಂಗೆ ಬಿಸಿ ಬೂದಿ ಮೇಲೆ ನಿಲ್ಸಿದ ಹಾಗೆ. ಮದುವೆಗೆ ಮುಂಚಿಂದ್ಲೂ." ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. "ಗಣಪ, ಇಲ್ಲಿ? ದಿಬ್ಬ ಹತ್ತುವಾಗ?"

"ರುಬ್ಬುಗುಂಡು ಇಟ್ಟ ಹಾಗೆ."

"ಹೌದು, ಹೌದು, ಹಾಗೇ! ನಂಗೆ ವಾಯು ಅಂತ ಇಷ್ಟು ವರ್ಷ ಇಂಗು ತಿನ್ಸಿದ್ರಲ್ಲ ಮಾರಾಯ!"

ಇಬ್ಬರೂ ನಕ್ಕರು. ನಗುತ್ತಲೇ ಅವಳು ಕಣ್ಣೊರೆಸಿಕೊಂಡಳು. ನನ್ನ ಗಂಡ ತನ್ನ ನೋವಿನ ಬಗ್ಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಯಾವ ಬೆರಳಲ್ಲಿ ಶುರು, ಯಾವ ಹೊತ್ತಿಗೆ ಇಳಿಯುತ್ತದೆ, ಮೋಡದ ದಿನ ಹೇಗೆ, ಸೆಕೆಯ ದಿನ ಹೇಗೆ. ಒಬ್ಬರು ಅರ್ಧ ಹೇಳಿದರೆ ಇನ್ನೊಬ್ಬರು ಮುಗಿಸುತ್ತಿದ್ದರು. ರಾಘವ ಅವರ ಕಾಲ ಬಳಿ ಬಂದು ಕೂತು, ತನ್ನ ಅಂಗೈ ತೋರಿಸಿ ಏನೋ ಕೇಳಿದ. ಆಮೇಲೆ ವಾಣಿ ಎದ್ದು ಹೋಗಿ ಅಪ್ಪನ ಮಗ್ಗುಲಿಗೆ ಒತ್ತಿಕೊಂಡಳು.

"ಅಪ್ಪ, ನಂಗೆ ಬೆರಳ ತುದೀಲಿ. ಪಿ.ಟಿ. ಪೀರಿಯಡ್ ಆದ್ಮೇಲೆ. ರಾತ್ರಿ ತನಕ ಇರ್ತದೆ."

"ಅಮ್ಮಂಗೆ ಯಾಕೆ ಹೇಳ್ಲಿಲ್ಲ ಕೂಸೇ?" ಎಂದಳು ಪಾರ್ವತಕ್ಕ.

"ಅಮ್ಮಂಗೆ ಹೆದರಿಕೆ ಆಗ್ತದೆ" ಎಂದಳು ವಾಣಿ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ನಾನು 'ವಾಣಿ' ಎಂದೆ. ಇವರು ತಲೆಯೆತ್ತಿ, ಸ್ವಲ್ಪ ಸರಿದು, ಮೆಟ್ಟಿಲ ಮೇಲೆ ನನಗೂ ಜಾಗ ಮಾಡಿದರು. ಹೋಗಿ ಕೂತೆ. ಮಾತು ಮತ್ತೆ ಅವರವರಲ್ಲೇ ಮುಂದುವರಿಯಿತು. ನನಗೆ ಎಲ್ಲೂ ಉರಿಯುತ್ತಿರಲಿಲ್ಲ.